ಸಿನಿಮಾ ನೋಡಿ ಬಂದವರಿಗೆ ಕಾದಂಬರಿ ಹಿಡಿಸದಿದ್ದರೆ

ನಿಮ್ಮ ಕಲಬುರಗಿ ಓದುಗರ ಕೂಟದಲ್ಲಿ ಅರ್ಧ ಜನ ‘ಪ್ರಾಕ್ಟಿಕಲ್ ಮ್ಯಾಜಿಕ್’ ಕಾದಂಬರಿಯನ್ನು ನಡುವೆಯೇ ಕೈಬಿಟ್ಟಿದ್ದಕ್ಕೆ ಬಹುಶಃ 1998ರ ಸಿನಿಮಾನೇ ಕಾರಣ. ಆಲಿಸ್ ಹಾಫ್‌ಮನ್ ಅವರ 1995ರ ಪುಸ್ತಕದಲ್ಲಿ ಮಾಟ ಕಡಿಮೆ, ಅಕ್ಕತಂಗಿಯರ ಮುನಿಸು ಜಾಸ್ತಿ. ಅಕ್ಕ ಸ್ಯಾಲಿಯ ಹೆಣ್ಣುಮಕ್ಕಳು ಇಲ್ಲಿ ಹದಿಹರೆಯದವರು.

ಮೊದಲು ಯಾರ್‍ಯಾರು ಸಿನಿಮಾ ನೋಡಿದ್ದಾರೆ ಕೇಳಿ. ಈ ವ್ಯತ್ಯಾಸ ಅವರಿಗೆ ಮುಂಚೆಯೇ ಹೇಳಿಬಿಡಿ. ಆಮೇಲೆ ಒಂದು ಸಭೆಗೆ ಒಂದೇ ಭಾಗ ಇಟ್ಟುಕೊಳ್ಳಿ, ಪುಸ್ತಕದಲ್ಲಿ ಇರೋದೇ 4 ಭಾಗ. ಚರ್ಚೆಯನ್ನು ‘ಇಷ್ಟವಾಯ್ತಾ’ ಅಂತ ಶುರು ಮಾಡಬೇಡಿ. ಪ್ರೀತಿಗೆ ಹೆದರಿ ಕೂತ ಸ್ಯಾಲಿ ಸರಿಯೋ, ಸಿಕ್ಕಸಿಕ್ಕವರನ್ನು ನಂಬಿದ ತಂಗಿ ಜಿಲಿಯನ್ ಸರಿಯೋ ಅಂತ ಕೇಳಿ. ಬೀದರ್‌ನ ನಮ್ಮ ಕೂಟದಲ್ಲಿ ಸುಮ್ನೆ ಕೂತಿದ್ದವರೂ ಆಗ ಬಾಯಿಬಿಟ್ಟರು. ನಿಮ್ಮಲ್ಲೂ ಹಾಗೇ ಆಗುತ್ತೆ ಅನ್ನಲಾರೆ.

ತನಿಖಾಧಿಕಾರಿ ಗ್ಯಾರಿ ಜೊತೆಗಿನ ಸ್ಯಾಲಿಯ ಪ್ರೇಮ ಅವಸರದ್ದು ಅನ್ನೋ ದೂರು ಬಂದರೆ ವಾದಿಸಬೇಡಿ, ಅದು ನಿಜಾನೇ. ಈ ಅಕ್ಕತಂಗಿಯರನ್ನು ಸಾಕಿದ ಹಿರಿಯ ಹೆಂಗಸರ ಕಥೆ ಬೇಕೆನ್ನುವವರಿಗೆ 2017ರ ‘ದ ರೂಲ್ಸ್ ಆಫ್ ಮ್ಯಾಜಿಕ್’ ಕೊಡಿ.