ಮಾಟ ನಿಜವೋ ಸುಳ್ಳೋ ಎಂದು ಮಾನವಶಾಸ್ತ್ರಜ್ಞರು ಯಾಕೆ ಹೇಳುವುದಿಲ್ಲ?

ಲ್ಯಾಬಿನಲ್ಲಿ ಅತೀಂದ್ರಿಯ ಶಕ್ತಿಯನ್ನು ಪರೀಕ್ಷಿಸುವವರಿದ್ದಾರೆ, ಆದರೆ ಮಾನವಶಾಸ್ತ್ರಜ್ಞರು ಮಾಟವನ್ನು ನಂಬುವವರ ನಡುವೆಯೇ ಇದ್ದು ಬಂದರೂ ನಿಜವೋ ಸುಳ್ಳೋ ಹೇಳುವುದಿಲ್ಲ, ಯಾಕೆ ಎಂದು ಕೇಳಿದ್ದೀರಿ. ಇವರು ಹುಡುಕುವುದೇ ಬೇರೆ. ಒಂದು ನಂಬಿಕೆ ದಿನನಿತ್ಯ ಹೇಗೆ ಕೆಲಸ ಮಾಡುತ್ತದೆ, ಕೈಕೊಟ್ಟ ಮೇಲೂ ಹೇಗೆ ಉಳಿಯುತ್ತದೆ ಎಂಬುದು ಇವರ ಪ್ರಶ್ನೆ. ಅದಕ್ಕೆ ಮಧ್ಯ ಆಫ್ರಿಕದ ಅಜಾಂದೆ ಜನ ಪ್ರಶ್ನೆ ಇಡುವ ಕ್ರಮಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1926ರಿಂದ 1930ರ ನಡುವೆ ಇಂದಿನ ದಕ್ಷಿಣ ಸುಡಾನಿನಲ್ಲಿ ಅಜಾಂದೆಗಳ ಅಧ್ಯಯನ ಮಾಡಿದರು. ಆ ಕುರಿತ ಗ್ರಂಥ ಬಂದದ್ದು 1937ರಲ್ಲಿ. (ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಕೊಡವರ ಕುರಿತ ಪ್ರಬಂಧ ಮುಗಿಸಿದ್ದು ಇವರ ಮಾರ್ಗದರ್ಶನದಲ್ಲೇ.)

ಅಜಾಂದೆಗಳು ಪ್ರಶ್ನೆ ಇಡುವುದು 'ಬೆಂಗೆ'ಯಿಂದ. ಅದು ಕಾಡುಬಳ್ಳಿಯಿಂದ ತೆಗೆದ ಕೆಂಪು ಪುಡಿ, ಸ್ಟ್ರಿಕ್ನಿನ್‌ನಂಥ ವಿಷ. ಇವಾನ್ಸ್-ಪ್ರಿಚರ್ಡ್ ಆಗ ಕಂಡ ಕ್ರಮ ಹೀಗೆ: ಊರಾಚೆ ಪೊದೆ ಸವರಿ ಕೂರುತ್ತಾರೆ. ಪುಡಿಯನ್ನು ನೀರಿನಲ್ಲಿ ಕಲಸಿ, ಹುಲ್ಲಿನ ಕುಂಚದಲ್ಲಿ ಅದ್ದಿ, ಕೋಳಿಮರಿಯ ಕೊಕ್ಕಿನೊಳಗೆ ಹಿಂಡುತ್ತಾರೆ. ಕೋಳಿ ದೊಡ್ಡದಾದಷ್ಟೂ ಹೆಚ್ಚು ಸಲ ಹಿಂಡಬೇಕು. ಕೇಳುವವನು ನೇರವಾಗಿ ವಿಷದ ಜೊತೆಗೇ ಮಾತಾಡುತ್ತಾನೆ: ಇವನು ತಪ್ಪು ಮಾಡಿದ್ದರೆ ಕೋಳಿಯನ್ನು ಕೊಲ್ಲು, ಮಾಡಿಲ್ಲದಿದ್ದರೆ ಬಿಡು. ಕೋಳಿ ಸತ್ತರೆ ಅಷ್ಟಕ್ಕೇ ತೀರ್ಪು ಆಗುವುದಿಲ್ಲ. ಇನ್ನೊಂದು ಕೋಳಿ ತಂದು ಮಾತನ್ನು ತಿರುಗಿಸುತ್ತಾರೆ, ತಪ್ಪು ಮಾಡಿದ್ದರೆ ಇದು ಬದುಕಲಿ ಎಂದು. ಮೊದಲನೆಯದು ಸತ್ತು ಎರಡನೆಯದು ಬದುಕಿದರೆ ಮಾತ್ರ ಆರೋಪ ನಿಜ. ಎರಡೂ ಸತ್ತರೆ ಅಥವಾ ಎರಡೂ ಉಳಿದರೆ ಆ ಉತ್ತರವನ್ನು ಕೈಬಿಡುತ್ತಾರೆ. ಇಷ್ಟು ಎಚ್ಚರದಿಂದ ಅಡ್ಡಪರೀಕ್ಷೆ ಮಾಡುವವರನ್ನು ಮೂಢರು ಎಂದು ತಳ್ಳಿಹಾಕುವುದು ತಪ್ಪು.

ಲೆಕ್ಕ ತಪ್ಪಿದಾಗ ಕಾರಣಗಳು ಸಿದ್ಧವಿರುತ್ತವೆ. ಬಳ್ಳಿ ಸರಿಯಾದ ಜಾತಿಯದಲ್ಲ, ಪುಡಿ ಹಳೆಯದಾಗಿದೆ, ವಿಷ ಬಳಸುವವನು ಹೆಣ್ಣಿನ ಸಂಗದ ಅಥವಾ ಆಹಾರದ ನಿಷೇಧ ಮುರಿದಿದ್ದಾನೆ, ಇಲ್ಲವೇ ಬೇರೆ ಯಾರದೋ ಮಾಟ ಅಡ್ಡ ಬಂದಿದೆ. ಒಂದೊಂದು ಸೋಲನ್ನೂ ಅದೇ ವ್ಯವಸ್ಥೆ ತನ್ನೊಳಗೇ ಅರಗಿಸಿಕೊಳ್ಳುತ್ತದೆ. ಮಾಟದ ವಿವರಣೆ ಎಲ್ಲಿ ಬೇಕಾಗುತ್ತದೆ ಎಂಬುದನ್ನೂ ನೋಡಿ. ಕಣಜದ ಕಂಬಕ್ಕೆ ಗೆದ್ದಲು ಹಿಡಿದು ಕಣಜ ಜನರ ಮೇಲೆ ಬಿತ್ತು ಎನ್ನಿ. ಗೆದ್ದಲಿನಿಂದ ಬಿತ್ತು ಎಂಬುದು ಅಜಾಂದೆಗಳಿಗೂ ಗೊತ್ತು. ಇವರೇ ಕೆಳಗೆ ಕೂತಿದ್ದಾಗಲೇ ಯಾಕೆ ಬಿತ್ತು ಎಂಬುದಕ್ಕಷ್ಟೇ ಮಾಟದ ಉತ್ತರ ಬೇಕಾಗುತ್ತದೆ.

ಈಗ ಲ್ಯಾಬಿನ ಕಡೆ ಬನ್ನಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ 1930ರ ದಶಕದಲ್ಲಿ ಅತೀಂದ್ರಿಯ ಶಕ್ತಿಯನ್ನು ಪರೀಕ್ಷಿಸಲು ಜೀನರ್ ಕಾರ್ಡುಗಳನ್ನು ಬಳಸಿದರು. ಕಾರ್ಡಿನ ಮೇಲಿನ ಚಿಹ್ನೆಯನ್ನು ನೋಡದೆಯೇ ಹೇಳಬೇಕು. 5 ಚಿಹ್ನೆ, ಒಟ್ಟು 25 ಕಾರ್ಡು, ಕುರುಡು ಊಹೆಗೆ ಸರಾಸರಿ 5 ಸರಿ. ಮೊದಮೊದಲ ಕೆಲವು ಕಾರ್ಡುಗಳ ಹಿಂಬದಿಯಿಂದಲೇ ಚಿಹ್ನೆ ಕಾಣುತ್ತಿತ್ತು ಎಂಬ ಟೀಕೆ ಬಂತು, ಪರೀಕ್ಷೆ ಬಿಗಿಯಾಯಿತು. ಇಲ್ಲೂ ಸೋಲಿಗೆ ಒಳಗಿನ ವಿವರಣೆಗಳು ಹುಟ್ಟಿದವು: ನಂಬದವರ ಅಂಕ ಸರಾಸರಿಗಿಂತ ಕೆಳಗಿಳಿಯುತ್ತದೆ, ಪರೀಕ್ಷಕನ ಮನೋಭಾವ ಫಲಿತಾಂಶವನ್ನು ಬಾಗಿಸುತ್ತದೆ ಎಂದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಾರ್ಡಿನ ಆಟದಲ್ಲಿ ಆಕಸ್ಮಿಕ ಎಷ್ಟು ಎಂಬ ಸಂಖ್ಯೆ ಮೊದಲೇ ಕೈಯಲ್ಲಿರುತ್ತದೆ. ಬೆಂಗೆಗೆ ಅಂಥದ್ದಿಲ್ಲ, ಕೋಳಿ ಸಾಯುವುದು ವಿಷದ ಕಸುವನ್ನೂ ಅವಲಂಬಿಸಿದೆ.

ನೀವೇ ಇಂಥದ್ದನ್ನು ನೋಡಲು ಹೋಗುವುದಾದರೆ, ಉತ್ತರ ಬರುವ ಮೊದಲೇ ನಾಲ್ಕು ಸಂಗತಿ ಬರೆದಿಡಿ. ಯಾರು ಕೇಳುತ್ತಿದ್ದಾರೆ, ಯಾರ ಮೇಲೆ ಅನುಮಾನ, ಅವರಿಬ್ಬರ ನಡುವೆ ಜಮೀನು ಸಾಲದಂಥ ತಕರಾರು ಏನಿದೆ, ಯಾವ ಉತ್ತರ ಬಂದರೆ ಏನು ಮಾಡುತ್ತೇವೆ ಎಂದು ಹೇಳಿದ್ದಾರೆ. ಆಮೇಲೆ ಕೇಳಿದರೆ ಬಂದ ಉತ್ತರಕ್ಕೆ ತಕ್ಕಂತೆ ನೆನಪೂ ಬದಲಾಗಿರುತ್ತದೆ.