ಕುಡಿತ ಬಿಡಿಸುವ ಔಷಧದ ಸಂಶೋಧನೆಗೆ ಅಪ್ಪನನ್ನು ಸೇರಿಸಬಹುದಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನಿಗೆ 58 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುತ್ತದೆ. ಮೈಸೂರಿನ ಒಂದು ಆಸ್ಪತ್ರೆಯವರು ಹೊಸ ಔಷಧದ ಸಂಶೋಧನೆಗೆ ಸೇರಿಸಿಕೊಳ್ಳುತ್ತೇವೆ, ಸಹಿ ಹಾಕಿ ಅನ್ನುತ್ತಿದ್ದಾರೆ. ಅಪ್ಪನನ್ನು ಪ್ರಯೋಗಪಶು ಮಾಡಿಬಿಡುತ್ತಾರಾ? ಅದರ ಬದಲು ಗೊತ್ತಾಗದ ಹಾಗೆ ಕಾಫಿಗೆ ಬೆರೆಸುವ ಮಾತ್ರೆ ಇದೆಯಂತೆ. ಅದೇ ಸಾಕಲ್ವಾ?

ಉತ್ತರ: ಸಹಿ ಹಾಕಬೇಕಾದವರು ನೀವಲ್ಲ, ನಿಮ್ಮ ಅಪ್ಪ. ಅದೂ ಅಮಲು ಇಳಿದು, ನಡುಕ ನಿಂತು, ಹೇಳಿದ್ದು ತಲೆಗೆ ಹೋಗುವಂತಾದ ಮೇಲೆ.

ನಾನು ಡಾಕ್ಟರಲ್ಲ. ವಿರಾಜಪೇಟೆ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ ಹೊರಗಿನ ಸದಸ್ಯ. ಔಷಧದ ಪ್ರಯೋಗ ಯಾವುದೇ ಇರಲಿ, ಇಂಥ ಕಮಿಟಿ ಒಪ್ಪದೆ ಶುರು ಮಾಡುವಂತಿಲ್ಲ. 2019ರ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಕಾನೂನು ಗೊತ್ತಿರುವವರೊಬ್ಬರು ಬೇಕು, ಮಹಿಳೆಯೊಬ್ಬರು ಬೇಕು, ವೈದ್ಯಕೀಯದ ಗಂಧಗಾಳಿ ಇಲ್ಲದ ನನ್ನಂಥವನೂ ಒಬ್ಬ ಬೇಕು. ರೋಗಿಗೆ ಕೊಡುವ ಕಾಗದವನ್ನು ರೋಗಿಯ ಹಾಗೆ ಓದುವುದೇ ನನ್ನ ಕೆಲಸ.

ಪ್ರಯೋಗಪಶು ಅನ್ನುವ ಭಯ ಸುಮ್ನೆ ಬಂದದ್ದಲ್ಲ. ಆದರೆ ಭಯ ಪಡಬೇಕಾದ ಜಾಗ ಬೇರೆ ಇದೆ. ಇಂಥ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಎರಡು ಗುಂಪು ಇರುತ್ತದೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ, ಡಾಕ್ಟರ ಇಷ್ಟದಂತೆ ಅಲ್ಲ. ಒಂದು ಗುಂಪಿಗೆ ಹೊಸ ಔಷಧ. ಇನ್ನೊಂದಕ್ಕೆ ಏನು? ಇದನ್ನು ಕೇಳಲೇಬೇಕು. ಕುಡಿತದ ಚಟಕ್ಕೆ ಈಗಾಗಲೇ ಔಷಧಗಳಿವೆ. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನೇ ತಗ್ಗಿಸುತ್ತದೆ. ಅಕಾಂಪ್ರೋಸೇಟ್ ಬಿಟ್ಟವರು ಬಿಟ್ಟ ಹಾಗೇ ಇರಲು ಸಹಾಯ ಮಾಡುತ್ತದೆ. ಹೀಗಿರುವಾಗ ಎರಡನೇ ಗುಂಪಿಗೆ ಬರೀ ಔಷಧವಿಲ್ಲದ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ನೋಡುತ್ತಾರೆ ಅಂದರೆ, ಯಾಕೆ ಅಂತ ಕೇಳಿ. ಮಾತ್ರೆಯ ಜೊತೆ ಕೌನ್ಸೆಲಿಂಗ್ ಇದೆಯಾ, ಸ್ಥಿತಿ ಕೆಟ್ಟರೆ ಯಾವಾಗ ನಿಲ್ಲಿಸಿ ಮಾಮೂಲಿ ಚಿಕಿತ್ಸೆಗೆ ತರುತ್ತಾರೆ ಅನ್ನುವುದು ಆ ಕಾಗದದಲ್ಲೇ ಇರಬೇಕು.

ಸೇರುವುದರಿಂದ ಒಂದು ಲಾಭವಂತೂ ಇದೆ. ನಿಮ್ಮ ಅಪ್ಪನನ್ನು ಒಬ್ಬರು ಬೆನ್ನುಹತ್ತಿ ನೋಡಿಕೊಳ್ಳುತ್ತಾರೆ. ಸಣ್ಣ ಮಾತಲ್ಲ ಇದು. 2019ರಲ್ಲಿ ಬಂದ ದೇಶದ ಸಮೀಕ್ಷೆಯ ಲೆಕ್ಕದಲ್ಲಿ ಕುಡಿತದ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿತ್ತು. ಸಂಶೋಧನೆ ಅಂದರೆ ಮಾತ್ರೆಯೇ ಆಗಬೇಕು ಅಂತಲೂ ಇಲ್ಲ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರನ್ನು ಸೇರಿಸಿ ಒಂದು ಅಧ್ಯಯನ ಮಾಡಿದ್ದರು. 2017ರಲ್ಲಿ ಪ್ರಕಟವಾಯಿತು. ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಕೂತು ಮಾತಾಡಿಸಿದ್ದು, ಅಷ್ಟೇ. ಮೂರು ತಿಂಗಳ ನಂತರ ನೋಡಿದಾಗ, ಹಿಂದಿನ ಎರಡು ವಾರ ಒಂದು ಹನಿಯೂ ಮುಟ್ಟದವರು ಆ ಗುಂಪಿನಲ್ಲಿ ನೂರಕ್ಕೆ 42. ಹೀಗೆ ಕೂತು ಮಾತಾಡಿಸದ ಇನ್ನೊಂದು ಗುಂಪಿನಲ್ಲಿ 18. ನಿಮ್ಮ ಅಪ್ಪನಷ್ಟು ಚಟಕ್ಕೆ ಬಿದ್ದವರನ್ನು ಅದಕ್ಕೆ ತೆಗೆದುಕೊಂಡಿರಲಿಲ್ಲ, ಅದೂ ನಿಜ. ಆದರೂ ಯಾರೋ ಒಂದಷ್ಟು ಜನ ಒಪ್ಪಿ ಸೇರಿದ್ದರಿಂದಲೇ ಇದು ಗೊತ್ತಾಗಿದ್ದು.

ಈಗ ಸಹಿಯ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಸಂಶೋಧನೆಗೆ ಆ ವ್ಯಕ್ತಿಯೇ, ತಿಳಿದು, ಒತ್ತಾಯವಿಲ್ಲದೆ ಒಪ್ಪಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಕಡೆ ನಡೆಯುವುದು ಬೇರೆ. ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಬಂದವರಾದರೆ ಜೊತೆಗೆ ಬಂದ ರೈಟರ್ (ತೋಟದ ಗುಮಾಸ್ತ) ಹೇಳಿದಲ್ಲಿ ಹೆಬ್ಬೆಟ್ಟು. ತೋಟದ ಮಾಲೀಕರಾದರೆ ಮಗ ಹೇಳಿದಲ್ಲಿ ಸಹಿ. ಒಬ್ಬರ ಒಪ್ಪಿಗೆ ಕಾಗದ ನಮ್ಮ ಕಮಿಟಿಯ ಮುಂದೆ ಬಂದಿತ್ತು. ಸಹಿ ಮೂರು ಸಾಲು ದಾಟಿ ಕೆಳಗೆ ಹರಿದಿತ್ತು. ದಾಖಲಾದ ದಿನವೇ, ಕೈ ನಡುಗುತ್ತಿರುವಾಗಲೇ ಹಾಕಿಸಿದ್ದರು. ಅದು ಒಪ್ಪಿಗೆಯೇ ಅಲ್ಲ ಅಂದೆ. ಅವರು ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ಮತ್ತೆ ವಿವರಿಸಿ ಕೇಳಬೇಕಾಯಿತು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಕೊಡಲೇಬೇಕು. ಕೇಳಿ ಇಸ್ಕೊಳ್ಳಿ.

ಹಾಗಂತ ‘ಸಹಿ ಹಾಕಬೇಕಲ್ಲ, ನಾಳೆಯಿಂದ ಕುಡಿಯೋದು ಬಂದ್’ ಅಂತ ಮನೆಯಲ್ಲೇ ಬಾಟಲಿ ಎತ್ತಿಡಬೇಡಿ. ಬೆಳಿಗ್ಗೆ ಕುಡಿಯದಿದ್ದರೆ ನಡುಕ ಬರುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದ ನಂತರ ಕೆಲವರಿಗೆ ಬುದ್ಧಿ ಭ್ರಮಣೆಯಾಗುತ್ತದೆ. ಇಲ್ಲದ ಹುಳ ಹಾವು ಕಾಣುತ್ತದೆ, ಬೆವರುತ್ತಾರೆ, ಜ್ವರ ಬರುತ್ತದೆ. ಜೀವಕ್ಕೇ ಅಪಾಯ. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಕಡಿಮೆಯಾಗಿ ಮಿದುಳಿಗೇ ಪೆಟ್ಟು ಬೀಳುತ್ತದೆ. ನಡಿಗೆ ತಪ್ಪುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ನೆನಪು ಹೋಗುತ್ತದೆ. ಆಗ ಬಿ1 ಇಂಜೆಕ್ಷನ್ ತಡಮಾಡದೆ ಕೊಡಬೇಕು. ಇದೆಲ್ಲ ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ.

ಕಾಫಿಗೆ ಬೆರೆಸುವ ಮಾತ್ರೆ ಬೇಡವೇ ಬೇಡ. ನೀವು ಕೇಳಿರುವುದು ಬಹುಶಃ ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರಿಬ್ಬರು ಹೊಟ್ಟೆಹುಳಕ್ಕೆ ಅಂತ ಪರೀಕ್ಷಿಸುತ್ತಾ ತಾವೇ ನುಂಗಿ, ಆಮೇಲೆ ಮದ್ಯ ಕುಡಿದು ಹೈರಾಣಾದರು. ಇದರ ಗುಣ ಗೊತ್ತಾಗಿದ್ದು ಹಾಗೆ. ಮದ್ಯ ದೇಹದಲ್ಲಿ ಪೂರ್ತಿ ಕರಗದಂತೆ ಇದು ತಡೆಯುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಬಿ.ಪಿ. ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಗೊತ್ತಿದ್ದು ತೆಗೆದುಕೊಂಡವರು ಕೆಮ್ಮಿನ ಸಿರಪ್ಪಿನಿಂದ ಹಿಡಿದು ಮನೆಯಲ್ಲಿ ಮಾಡಿದ ವೈನ್‌ವರೆಗೆ ಎಲ್ಲದರಿಂದ ದೂರ ಇರುತ್ತಾರೆ. ಗೊತ್ತಿಲ್ಲದವರು ನೆಂಟರ ಮದುವೆಯಲ್ಲಿ ಕೊಟ್ಟದ್ದನ್ನು ಕುಡಿದು ಅಲ್ಲೇ ಬೀಳುತ್ತಾರೆ. 58ರ ಹೃದಯ ಅದನ್ನು ತಡೆಯುತ್ತದೆ ಅಂತ ಯಾರು ಹೇಳಿದ್ದು?

ಸೇರುವುದಾದರೆ ಓಡಾಟದ ಲೆಕ್ಕ ಹಾಕಿ. ಪ್ರಯಾಣದ ಖರ್ಚು ಕೊಡುತ್ತೇವೆ ಅಂತ ಕಾಗದದಲ್ಲಿ ಇರಬಹುದು. ನಮ್ಮಲ್ಲಿ ಬಂದ ಒಂದು ಅರ್ಜಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಬೇಕು ಅಂತಿತ್ತು. ಕೊಡಗಿನ ಒಳಗಿನ ಹಳ್ಳಿಯವರು ಯಾವ ಬಸ್ಸಿಗೆ ಬರಬೇಕು ಅಂತ ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು! ರೈಲಂತೂ ನಮಗಿಲ್ಲ. ಆಮೇಲೆ ಸಮಯ ಹತ್ತೂವರೆ ಮಾಡಿ, ಹಿಂದಿನ ರಾತ್ರಿ ಉಳಿಯುವವರಿಗೆ ಜಾಗವನ್ನೂ ಸೇರಿಸಿದರು. ಜುಲೈನ ಮಳೆಯಲ್ಲಿ ರಸ್ತೆ ಕುಸಿದರೆ ಫೋನಿನಲ್ಲಿ ಮಾತಾಡಿದರೆ ಸಾಕಾ, ಕಾಫಿ ಕೊಯ್ಲಿನ ಸಮಯದಲ್ಲಿ ದಿನ ಬದಲಿಸಬಹುದಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನು ಅಪ್ಪನಿಗೆ ಮೊದಲೇ ಹೇಳಿ. ಹುತ್ತರಿಗೋ, ಯಾರದ್ದೋ ಮದುವೆಗೋ ಮತ್ತೆ ಕುಡಿದುಬಿಟ್ಟರೆ ಬಹಳ ಜನ ನಾಚಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ಇಲ್ಲವೇ ಕುಡಿದಿಲ್ಲ ಅಂತ ಸುಳ್ಳು ಹೇಳುತ್ತಾರೆ. ಸಂಶೋಧನೆಯವರಿಗೆ ಬೇಕಾಗಿರುವುದೇ ಆ ನಿಜ. ಕುಡಿದೆ ಅಂದರೆ ಬೈದು ಕಳಿಸುವ ತಂಡವಾದರೆ ಅದು ಸರಿಯಾದ ತಂಡವಲ್ಲ.

ಸಂಶೋಧನೆ ನಿಜವಾಗಿ ನೋಂದಣಿ ಆಗಿದೆಯಾ ಅಂತ ನೀವೇ ನೋಡಬಹುದು. ಸಿಟಿಆರ್‌ಐ ಅನ್ನುವ ಸರ್ಕಾರಿ ರಿಜಿಸ್ಟ್ರಿ ಇದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಅಲ್ಲಿ ನೋಂದಣಿ ಕಡ್ಡಾಯ. ಆ ನಂಬರ್ ಕೇಳಿ, ನೆಟ್‌ನಲ್ಲಿ ಹಾಕಿ ನೋಡಿ. ಔಷಧದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು, ನಿಯಮದಲ್ಲೇ ಇದೆ. ಮಧ್ಯದಲ್ಲಿ ಬಿಡುವುದಕ್ಕೆ ಕಾರಣ ಹೇಳಬೇಕಾಗಿಲ್ಲ.

ನಾನಾಗಿದ್ದರೆ ಆ ಡಾಕ್ಟರ ಹತ್ತಿರ ಒಂದೇ ಮಾತು ಕೇಳುತ್ತಿದ್ದೆ: ‘ನಮ್ಮಪ್ಪ ಸಂಶೋಧನೆ ಬೇಡ ಅಂದರೂ ನೀವೇ ಚಿಕಿತ್ಸೆ ಕೊಡ್ತೀರಾ?’ ಹೌದು ಅಂದರೆ ಧೈರ್ಯವಾಗಿ ಮುಂದಿನ ಮಾತು ಆಡಿ. ತಡವರಿಸಿದರೆ ಎದ್ದು ಬನ್ನಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಯಾವುದೂ ಕೂಡಿಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದ ಕೈಗೆ ಬಂದ ಮೇಲೆ ಅರ್ಥವಾಗದ ಸಾಲು ಇದ್ದರೆ ಹೆಸರು, ನಂಬರ್ ಎಲ್ಲ ಮುಚ್ಚಿ ಇಲ್ಲೇ ಕೆಳಗೆ ಹಾಕಿ. ನೋಡಿ ಹೇಳುತ್ತೇನೆ.