ಅಜ್ಜನ ಸಣ್ಣ ಕೋವಿ, ಗದ್ದೆಯ ಮೊಲ

ಪ್ರಶ್ನೆ: ಅಜ್ಜ ತೀರಿಕೊಂಡು ಎರಡು ವರ್ಷವಾಯಿತು. ಅವರ 410 ಒಂಟಿ ನಳಿಗೆ ಕೋವಿ ಅಟ್ಟದಲ್ಲಿದೆ. ಗದ್ದೆಯ ಅಲಸಂಡೆ ಚಿಗುರನ್ನು ಮೊಲ ಉಳಿಸುತ್ತಿಲ್ಲ. ಸಣ್ಣ ಕೋವಿ ತಾನೇ, ಮೊಲಕ್ಕೋ ಕಾಡುಕೋಳಿಗೋ ಒಂದು ಈಡು ಹೊಡೆದರೆ ತಪ್ಪೇನು ಸಾರ್?
– ಓದುಗರೊಬ್ಬರು, ಹೆಬ್ರಿ

ಉತ್ತರ: ಮೊದಲು ಆ ಕೋವಿ ಅಟ್ಟದಿಂದ ಇಳಿಯಲಿ. ಪರವಾನಗಿ ಅಜ್ಜನ ಹೆಸರಿನದ್ದು. ಅದಿಲ್ಲದೆ ಕೋವಿ ನಿಮ್ಮಲ್ಲಿ ಇರುವುದೇ ಅಪರಾಧ. ಇವತ್ತೇ ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ, ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ಅಜ್ಜನ ನೆನಪಿಗೆ ಬೇಕೇ ಬೇಕೆಂದರೆ ವಾರಸುದಾರರಾಗಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಆದರೆ ಪರವಾನಗಿ ಸಿಕ್ಕರೂ ಬೇಟೆಗೆ ಅನುಮತಿ ಸಿಕ್ಕಿತು ಅಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲ, ಕಾಡುಕೋಳಿ ಎರಡನ್ನೂ ಕಾಯುತ್ತದೆ. ಗುರಿ ತಪ್ಪಿದರೂ ಕಾಯ್ದೆಯ ಪ್ರಕಾರ ಅದು ಬೇಟೆಯೇ.

ಇನ್ನು ‘ಸಣ್ಣ ಕೋವಿ ತಾನೇ’ ಅಂದಿರಲ್ಲ, ನನಗೆ ಸಂಕಟವಾದದ್ದು ಆ ಮಾತಿಗೆ. ಅದಕ್ಕಿಂತ ದೊಡ್ಡದು 12 ಬೋರ್ ಕೋವಿ. 12 ಬೋರ್ ಅಂದರೆ ಆ ನಳಿಗೆಗೆ ಸರಿಹೊಂದುವ 12 ಸೀಸದ ಗುಂಡು ಸೇರಿ ಒಂದು ಪೌಂಡ್ ತೂಕ. 410ರ ಲೆಕ್ಕ ಬೇರೆ. ನಳಿಗೆಯ ಅಗಲವೇ 0.410 ಇಂಚು, ಹತ್ತೂವರೆ ಮಿಲಿಮೀಟರಿಗೂ ಚೂರು ಕಡಿಮೆ. 12 ಬೋರಿನ ತೋಟಾದಲ್ಲಿ ಸಾಮಾನ್ಯವಾಗಿ 32 ಗ್ರಾಂ ಚರೆ, ಅಂದರೆ ಸಣ್ಣ ಸೀಸದ ಕಾಳು, ಇದ್ದರೆ, ಇದರ ಎರಡೂವರೆ ಇಂಚಿನ ತೋಟಾದಲ್ಲಿ 14 ಗ್ರಾಂ. ಚರೆ ಹೋಗುವ ವೇಗ ಹೆಚ್ಚುಕಡಿಮೆ ಅಷ್ಟೇ. ಕಡಿಮೆಯಾಗುವುದು ಚರೆಗಳ ಸಂಖ್ಯೆ. ಇಪ್ಪತ್ತೈದು ಗಜ ದಾಟಿತೆಂದರೆ ಚರೆಗಳ ನಡುವೆ ಜಾಗ ಜಾಸ್ತಿ. ಎರಡೋ ಮೂರೋ ತಾಗುತ್ತವೆ. ಪ್ರಾಣಿ ಬೀಳುವುದಿಲ್ಲ, ಗಾಯ ಹೊತ್ತು ಓಡುತ್ತದೆ.

ನನಗಾಗ ಹದಿನಾರು. ಮಾವನ ಕೈಯಲ್ಲೂ ಇಂಥದ್ದೇ ಬೆಡಿ. ಮನೆ ಹಿಂದಿನ ಹಾಡಿಯಲ್ಲಿ ನಲವತ್ತು ಹೆಜ್ಜೆ ದೂರದ ಕಾಡುಕೋಳಿ ಹುಂಜಕ್ಕೆ ನಾನೇ ಹೊಡೆದೆ. ನಾಲ್ಕು ಪುಕ್ಕ ಉದುರಿದವು, ಹುಂಜ ಪೊದೆಯೊಳಗೆ ಹೋಯಿತು. ‘ತಾಗಲಿಲ್ಲ ಬಿಡು’ ಅಂದರು ಮಾವ. ಮೂರನೇ ದಿನ ತರಗೆಲೆ ಗುಡಿಸಲು ಹೋದ ಅಮ್ಮನಿಗೆ ಅದು ಸಿಕ್ಕಿತು, ಜೀವಂತ. ಒಂದು ರೆಕ್ಕೆ ಜೋತು ಬಿದ್ದಿತ್ತು. ತೊಡೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಚರೆ, ಅದರ ಸುತ್ತ ಇರುವೆ. ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿತ್ತು. ಅಮ್ಮ ಬೈಯಲಿಲ್ಲ. ಅಂಗೈಯಲ್ಲಿ ನೀರು ಹಿಡಿದು ಕುಡಿಸಲು ನೋಡಿದರು, ಅದು ಕುಡಿಯಲಿಲ್ಲ. ಆಮೇಲೆ ನಾನು ಕೋವಿ ಮುಟ್ಟಿಲ್ಲ.

ಮೊಲ ಒಳಗೆ ಬಾರದಂತೆ ಗದ್ದೆ ಸುತ್ತ ಬಲೆಯ ಬೇಲಿ ಸಾಕು. ಮಲ್ಪೆ ಕಡೆ ಹಳೆ ಮೀನು ಬಲೆ ಸಿಗುತ್ತದೆ, ಕೇಳಿ ತನ್ನಿ. ಮೊಣಕಾಲಿಗಿಂತ ಮೇಲೆ ಬರುವಂತೆ ಗೂಟಕ್ಕೆ ಬಿಗಿಯಾಗಿ ಕಟ್ಟಿ. ಅಡಿಯ ಅಂಚನ್ನು ಮಣ್ಣಲ್ಲಿ ಹೂಳಿ, ಇಲ್ಲದಿದ್ದರೆ ಮೊಲ ಅಡಿಯಿಂದ ನುಸುಳುತ್ತದೆ. ಸುಮ್ನೆ ಸಡಿಲ ಬಿಟ್ಟರೆ ಹಾವು ಸಿಕ್ಕಿಕೊಂಡು ಒದ್ದಾಡುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಬಲೆಯ ಸುತ್ತ ಒಂದು ಸುತ್ತು ಹೋಗಿ ಬನ್ನಿ. ಕೇರೆಯಾದರೆ ದಾರ ಕತ್ತರಿಸಿ ಬಿಡಿ, ನಾಗರವಾದರೆ ಹಾವು ಹಿಡಿಯುವವರನ್ನು ಕರೆಯಿರಿ.